ನಡೆಯುತ್ತಿದೆಯಲ್ಲ, ಸಾಲದೆ?

ಹೊಸಪೇಟೆಯ ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಓಣಿಯಲ್ಲಿ ನನ್ನ ಗೆಳೆಯರೊಬ್ಬರ ಅಂಗಡಿಯಿದೆ. ಇಪ್ಪತ್ತು ವರ್ಷಗಳ ಹಿಂದೆ ಅದು ಬರೀ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಉರುಸಿನ ಕರಪತ್ರ, ಜಾತ್ರೆಯ ಆಮಂತ್ರಣ, ಕಾರ್ಮಿಕ ಸಂಘದ ಮನವಿ, ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧ ಎಲ್ಲವೂ ಅಲ್ಲಿ ಅಕ್ಷರ ಜೋಡಣೆಯಾಗುತ್ತಿದ್ದವು. ಈಗ ಆ ಕೆಲಸ ಕಡಿಮೆಯಾಗಿ, ಆನ್‌ಲೈನ್ ಅರ್ಜಿ ಹಾಕಿಕೊಡುವುದೇ ಮುಖ್ಯ ಕಸುಬಾಗಿದೆ. ಸಂತೆಗೋ ಆಸ್ಪತ್ರೆಗೋ ಬಂದ ಕಂಪ್ಲಿ ಕಡೆಯ ರೈತರು, ವಿದ್ಯಾರ್ಥಿ ವೇತನದ ಅರ್ಜಿ ಹಿಡಿದ ಹುಡುಗಿಯರು, ಪಿಂಚಣಿ ನಿಂತುಹೋದ ಮುದುಕಿಯರು ಬಾಗಿಲಲ್ಲಿ ಕಾಯುತ್ತ ಕೂತಿರುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಆಧಾರ್, ಪಹಣಿ, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು.

ಒಂದು ಸಂಜೆ ಗೆಳೆಯರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, 'ಇದೊಂದು ದಿನಾ ಹೀಗೆ ಹೆದರಿಸುತ್ತದೆ, ಏನು ಮಾಡಲಿ ಹೇಳಿ' ಎಂದರು. ಅವರ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ಮುಗಿದಿದೆ ಎಂಬ ಸೂಚನೆ ಅದು. 'ಯಂತ್ರ ಚೆನ್ನಾಗಿಯೇ ನಡೆಯುತ್ತಿದೆ. ನಡೆಯುತ್ತಿರುವುದನ್ನು ಯಾಕೆ ಬಿಸಾಡಬೇಕು?' ಎಂಬುದು ಅವರ ಪ್ರಶ್ನೆ. 'ಹಣವಿದ್ದರೆ ಹೊಸದು ತಗೊಳ್ಳಿ, ಇಲ್ಲದಿದ್ದರೆ ಬಿಡಿ' ಎಂದು ನಾನು ತಟ್ಟನೆ ಹೇಳಿಬಿಟ್ಟೆ. ಮನೆಗೆ ಬಂದ ಮೇಲೆ ನನ್ನ ಉತ್ತರ ಸರಿಯಿಲ್ಲ ಅನಿಸತೊಡಗಿತು. ಅವರು ಕೇಳಿದ್ದು ಬರೀ ಹಣದ ಪ್ರಶ್ನೆಯಾಗಿರಲಿಲ್ಲ.

ಮೊದಲು ಸಂಗತಿಯನ್ನು ನೆಟ್ಟಗೆ ತಿಳಿದುಕೊಳ್ಳೋಣ. ಆಪರೇಟಿಂಗ್ ಸಿಸ್ಟಮ್ ಎಂದರೆ ಕಂಪ್ಯೂಟರಿನ ಒಳಗಿನ ಆಡಳಿತ. ಕೀಲಿಮಣೆ ಒತ್ತಿದ್ದನ್ನು ಅಕ್ಷರವಾಗಿಸುವುದು, ಕಡತಗಳನ್ನು ಜೋಡಿಸಿಡುವುದು, ಯಾರನ್ನು ಒಳಗೆ ಬಿಡಬೇಕು ಯಾರನ್ನು ಬಿಡಬಾರದು ಎಂದು ನೋಡುವುದು ಎಲ್ಲ ಅದರ ಕೆಲಸ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ಕ್ಕೆ ಬಂತು. ಬೆಂಬಲ ನಿಂತರೆ ಯಂತ್ರ ನಿಲ್ಲುವುದಿಲ್ಲ. ಮಾರನೆಯ ದಿನವೂ ಅದು ಹಾಗೆಯೇ ನಡೆಯುತ್ತದೆ. ಆದರೆ ಅದರ ಗೋಡೆಯಲ್ಲಿ ಹೊಸದಾಗಿ ಬಿರುಕು ಕಂಡರೆ ಮುಚ್ಚಲು ಯಾರೂ ಬರುವುದಿಲ್ಲ. ಈ ಮುಚ್ಚುವ ಕೆಲಸಕ್ಕೆ ಕಂಪ್ಯೂಟರಿನವರು 'ಪ್ಯಾಚ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ತೇಪೆ.

ಹಾಗಾದರೆ ವಿಂಡೋಸ್ 11 ಹಾಕಿಕೊಂಡರಾಯಿತಲ್ಲ? ಅದು ಅಷ್ಟು ಸುಲಭವಿಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕಂಪನಿ ಒಪ್ಪಿದ ಪಟ್ಟಿಯಲ್ಲಿರಬೇಕು ಎಂಬ ಷರತ್ತುಗಳಿವೆ. ಸುಮಾರಾಗಿ ಹೇಳುವುದಾದರೆ 2018ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳು ಈ ಪರೀಕ್ಷೆಯಲ್ಲಿ ನಪಾಸು. ಗೆಳೆಯರದೂ ನಪಾಸು. ಎಂದರೆ ಅವರು ತಂತ್ರಾಂಶ ಬದಲಿಸುವುದಲ್ಲ, ಯಂತ್ರವನ್ನೇ ಬದಲಿಸಬೇಕು.

ಬೇಡ ಎನ್ನುವುದಕ್ಕೆ ಅವರ ಬಳಿ ಒಳ್ಳೆಯ ಕಾರಣಗಳೇ ಇದ್ದವು. ಅವನ್ನು ಜಿಪುಣತನ ಎಂದು ತಳ್ಳಿಹಾಕುವಂತಿಲ್ಲ.

ಒಂದು, ದುಂದು. ಕೆಟ್ಟಿರದ ವಸ್ತುವನ್ನು ಕಂಪನಿಯ ಕ್ಯಾಲೆಂಡರ್ ನೋಡಿ ಗುಜರಿಗೆ ಹಾಕುವುದು ಯಾವ ನ್ಯಾಯ? ಗುಜರಿ ಎಂದರೆ ಅದು ಮಾಯವಾಗಿ ಹೋಗುವ ಜಾಗವೇನಲ್ಲ. ತಾಮ್ರಕ್ಕಾಗಿ ವೈರು ಸುಡುವ ಹೊಗೆಯನ್ನು ಯಾವುದೋ ಬಡ ಹುಡುಗ ಕುಡಿಯಬೇಕಾಗುತ್ತದೆ. ಇ-ತ್ಯಾಜ್ಯದ ಹೊಣೆ ತಯಾರಕರದ್ದು ಎನ್ನುವ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ನಮ್ಮ ಓಣಿಗಳಲ್ಲಿ ಹಳೆ ಕಂಪ್ಯೂಟರ್ ಕೇಳಿಕೊಂಡು ಬರುವವನು ತಳ್ಳುಗಾಡಿಯವನೇ ಹೊರತು ತಯಾರಕನಲ್ಲ. ಹೊಸ ಯಂತ್ರವೂ ಆಕಾಶದಿಂದ ಇಳಿಯುವುದಿಲ್ಲ. ಸಂಡೂರಿನ ಬೆಟ್ಟಗಳನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊರಗಿನ ಬೇಡಿಕೆ ಏರಿದ ವರ್ಷಗಳಲ್ಲಿ ಅಲ್ಲಿನ ಮಣ್ಣು ಲಾರಿಗಳಲ್ಲಿ ಹೇಗೆ ಹೋಯಿತು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗೂ ಅದು ಹೇಗೆ ನಡೆಯಿತು ಎಂಬುದು ಈ ಭಾಗದ ಎಲ್ಲರ ನೆನಪಿನಲ್ಲಿದೆ. ಕಂಪ್ಯೂಟರಿನಲ್ಲಿ ನಮ್ಮ ಕಬ್ಬಿಣ ಇರುವುದು ಕಡಿಮೆ. ಅದರ ತಾಮ್ರ, ಚಿನ್ನ, ಅಲ್ಯೂಮಿನಿಯಂ ಬೇರೆ ಯಾರದೋ ಊರಿನ ಬೆಟ್ಟದಿಂದ ಬರುತ್ತವೆ. ನಮ್ಮ ಬೆಟ್ಟಕ್ಕಾಗಿ ಮರುಗುವವರು ಆ ಬೆಟ್ಟವನ್ನು ಮರೆಯಬಹುದೆ?

ಎರಡು, ನೆನಪು. ಗೆಳೆಯರ ಯಂತ್ರದಲ್ಲಿ ಇಪ್ಪತ್ತು ವರ್ಷಗಳ ಕನ್ನಡವಿದೆ. ಅದರಲ್ಲಿ ಹೆಚ್ಚಿನದು ಯೂನಿಕೋಡ್‌ಗೆ ಮುಂಚಿನ ರೀತಿಯ ನುಡಿ, ಬರಹ ಅಕ್ಷರಗಳಲ್ಲಿ, ಪೇಜ್‌ಮೇಕರ್‌ನಲ್ಲಿ ಮಾಡಿದ ಪುಟಗಳು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆಮೇಲೆ ಅದನ್ನು ಬೆಳೆಸುವವರೇ ಇಲ್ಲ. ಆ ಕಾಲದ ಕನ್ನಡ ಅಕ್ಷರಗಳು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವಾಗಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದಂತೆ ಅದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಇವೆ ನಿಜ. ಆದರೆ ಅರ್ಕಾವತ್ತು ಎಲ್ಲಿಗೋ ಹಾರಿಹೋಗಿ, ಒತ್ತಕ್ಷರ ಕಳಚಿ, ಪ್ರತಿ ಪುಟವನ್ನೂ ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತನ್ನದೇ ತಂತ್ರಾಂಶ ಬೇಕೆಂದು ಹಟ ಹಿಡಿದದ್ದು, ಹಂಪಿ ಕನ್ನಡ ವಿಶ್ವವಿದ್ಯಾಲಯ ಕುವೆಂಪು ತಂತ್ರಾಂಶವನ್ನು ಹೊರತಂದದ್ದು ಇದೇ ಸಂಕಟದ ಹಿನ್ನೆಲೆಯಲ್ಲಿ. ಹಂಪಿಯ ಶಾಸನಗಳನ್ನು ಐನೂರು ವರ್ಷಗಳ ನಂತರವೂ ಓದುತ್ತೇವೆ. ಕಲ್ಲಿಗೆ ಬೇಕಾದದ್ದು ಹಳೆಯ ಲಿಪಿ ಬಲ್ಲ ಒಬ್ಬ ಮನುಷ್ಯ ಮಾತ್ರ. ಇಪ್ಪತ್ತು ವರ್ಷದ ಹಿಂದಿನ ಒಂದು ಕನ್ನಡ ಕಡತಕ್ಕೆ ಅಂದಿನ ಯಂತ್ರ, ಅಂದಿನ ಫಾಂಟ್, ಅಂದಿನ ತಂತ್ರಾಂಶ ಮೂರೂ ಬೇಕು.

ಮೂರು, ಅಧಿಕಾರ. ಇದು ನನ್ನ ವಸ್ತು, ಇದರ ಆಯುಸ್ಸನ್ನು ಬೇರೆ ದೇಶದ ಕಂಪನಿ ನಿಗದಿ ಮಾಡುವುದೇನು ಎಂಬ ಸಿಟ್ಟು. ಈ ಸಿಟ್ಟೂ ನ್ಯಾಯವಾದದ್ದೇ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನನಗೆ ಸಮಾಧಾನವಾಗಲಿಲ್ಲ. ಕಾರಣ, ಬಾಗಿಲಲ್ಲಿ ಕೂತಿದ್ದ ಜನ.

ನಮ್ಮ ತುಂಗಭದ್ರೆಯ ಹರಿಗೋಲನ್ನು ಎಲ್ಲರೂ ನೋಡಿರುತ್ತೀರಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಆನೆಗೊಂದಿಯ ಕಡೆಗೆ ದಾಟುವುದನ್ನು ಬರೆದಿಟ್ಟಿದ್ದಾನೆ. ಇವತ್ತಿನ ಹರಿಗೋಲಿಗೆ ಚರ್ಮವಿಲ್ಲ, ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಹಾಗೇ ಇದೆ. ಸೋರುವ ಹರಿಗೋಲಿನಲ್ಲಿ ಅಂಬಿಗನೊಬ್ಬನೇ ದಾಟುವುದಾದರೆ ಅದು ಅವನ ಧೈರ್ಯ, ಅವನ ಇಷ್ಟ. ಆದರೆ ಜನರನ್ನು ಹತ್ತಿಸಿಕೊಂಡ ಮೇಲೆ? 'ಇಷ್ಟು ದಿನ ನಡೆದಿದೆಯಲ್ಲ' ಎಂಬ ಮಾತು ಆಗಲೂ ಸಲ್ಲುತ್ತದೆಯೆ? ತಳ ಸೋರುತ್ತಿರುವುದು ಹತ್ತಿದವರಿಗೆ ಗೊತ್ತಿಲ್ಲ. ಗೊತ್ತಿರುವವನು ಅವನೊಬ್ಬನೇ.

ಗೆಳೆಯರ ಅಂಗಡಿಯೂ ಹಾಗೆಯೇ. ನಾನು ಮನೆಯಲ್ಲಿ ಲೇಖನ ಬರೆಯಲು ಬಳಸುವ ಕಂಪ್ಯೂಟರಿಗೆ ತೇಪೆ ಬರದಿದ್ದರೆ ಹೆಚ್ಚೆಂದರೆ ನನ್ನ ನಾಲ್ಕು ಲೇಖನ ಹೋಗಬಹುದು. ಅವರ ಯಂತ್ರದಲ್ಲಿ ನೂರಾರು ಜನರ ಆಧಾರ್ ಪ್ರತಿಗಳು, ಬ್ಯಾಂಕ್ ಖಾತೆ ಸಂಖ್ಯೆಗಳು, ಹೆಣ್ಣುಮಕ್ಕಳ ಫೋಟೊ ಮತ್ತು ಮೊಬೈಲ್ ನಂಬರುಗಳು ಇವೆ. ಯಾರದೋ ಖಾತೆಯಿಂದ ನಾಳೆ ಹಣ ಹೋದರೆ, ಅದು ಈ ಅಂಗಡಿಯ ಬಿರುಕಿನಿಂದ ಹೋಯಿತೆಂದು ಆ ಮುದುಕಿಗೆ ತಿಳಿಯುವುದೂ ಇಲ್ಲ. ದೂರು ಬರಲಾರದ ಕಡೆಯೇ ಹೊಣೆ ಹೆಚ್ಚು.

ನಮ್ಮ ಮನೆಮಾತಿನಲ್ಲಿ 'ಅಮಾನತ್' ಎಂಬ ಶಬ್ದವಿದೆ. ಇನ್ನೊಬ್ಬರು ನಂಬಿ ನಮ್ಮ ಬಳಿ ಬಿಟ್ಟುಹೋದ ವಸ್ತು ಎಂದು ಅದರ ಅರ್ಥ. ಕನ್ನಡದ ಕಚೇರಿ ಭಾಷೆಗೆ ಬಂದು ಅದು 'ನೌಕರನ ಅಮಾನತು' ಎಂದಾಗಿಬಿಟ್ಟಿದೆ. ಕಚೇರಿಯವರು ಈ ಶಬ್ದದ ಮೊದಲ ಅರ್ಥವನ್ನೂ ಉಳಿಸಿಕೊಂಡಿದ್ದರೆ ಚೆನ್ನಾಗಿತ್ತು. ಏಕೆಂದರೆ ಈ ಕಾಗದಗಳೆಲ್ಲ ಕಚೇರಿಯಿಂದಲೇ ಅಂಗಡಿಗೆ ಬಂದವು. ಹಿಂದೆ ಪಹಣಿ ಶಾನುಭೋಗರ, ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. 'ಭೂಮಿ' ಯೋಜನೆಯಲ್ಲಿ ಅದು ಕಂಪ್ಯೂಟರ್ ಸೇರಿತು. ಆಮೇಲೆ ಒಂದೊಂದಾಗಿ ಎಲ್ಲ ಅರ್ಜಿಗಳೂ ಆನ್‌ಲೈನ್ ಆದವು. ಕಂಪ್ಯೂಟರ್ ಇಲ್ಲದವರು ಏನು ಮಾಡಬೇಕು? ತಮ್ಮ ಗುಟ್ಟನ್ನೆಲ್ಲ ಚೀಲದಲ್ಲಿ ಕಟ್ಟಿಕೊಂಡು ಅಂಗಡಿಗೆ ಬರಬೇಕು. 2014ರ ನವೆಂಬರ್ 1ರಂದು ಹಾಸ್ಪೆಟ್ ಅಧಿಕೃತವಾಗಿ ಹೊಸಪೇಟೆಯಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಮನೆ ಅದೇ, ಮನುಷ್ಯ ಅದೇ, ಒಂದು ಕಾಗದದಲ್ಲಿ ಬಳ್ಳಾರಿ ಜಿಲ್ಲೆ, ಇನ್ನೊಂದರಲ್ಲಿ ವಿಜಯನಗರ ಜಿಲ್ಲೆ. ತಿದ್ದುಪಡಿಗೆ ಮತ್ತೆ ಅದೇ ಅಂಗಡಿ. ಸರ್ಕಾರ ತನ್ನ ಕೌಂಟರನ್ನು ಅಂಗಡಿಗೆ ಸರಿಸಿತು. ಕೌಂಟರಿನ ಜವಾಬ್ದಾರಿಯನ್ನು ಹೊರಲು ಬೇಕಾದ ನೆರವನ್ನು ಸರಿಸಲಿಲ್ಲ.

ಅಪಾಯ ಕಲ್ಪನೆಯಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿ, ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಅದರ ಹಿಡಿತಕ್ಕೆ ಸಿಕ್ಕವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಇದರಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಆ ಬಿರುಕಿಗೆ ತೇಪೆ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ರಂದು ಬಂದಿತ್ತು. ಹೆಚ್ಚಾಗಿ ಸಿಕ್ಕಿಬಿದ್ದದ್ದು ಆಗ ಬೆಂಬಲವಿದ್ದ ವಿಂಡೋಸ್ 7ರ ಯಂತ್ರಗಳೇ. ಎಂದರೆ ಹೊಡೆದದ್ದು ಹಳತನವಲ್ಲ, ಉಪೇಕ್ಷೆ. ಇನ್ನೊಂದು ಕಡೆ, 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷದ ಅಪ್‌ಡೇಟ್‌ನಿಂದಲೇ ಸುಮಾರು 85 ಲಕ್ಷ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಹಾಗಾಗಿ ಹೊಸದೆಲ್ಲ ಕ್ಷೇಮ, ಹಳತೆಲ್ಲ ಅಪಾಯ ಎಂಬ ಸರಳ ಲೆಕ್ಕ ನಡೆಯುವುದಿಲ್ಲ. ಕೇಳಬೇಕಾದದ್ದು 'ಇದು ಹೊಸದೋ ಹಳೆಯದೋ' ಎಂದಲ್ಲ. 'ಇದನ್ನು ಕಾಯುವವರು ಯಾರಾದರೂ ಇದ್ದಾರೆಯೆ?' ಎಂದು.

ಈ ಪಾಠವನ್ನು ನಮಗೆ ಕಂಪ್ಯೂಟರಿಗಿಂತ ಚೆನ್ನಾಗಿ ಕಲಿಸಿದ್ದು ಊರ ಪಕ್ಕದ ಅಣೆಕಟ್ಟು. 1953ರಿಂದ ತುಂಗಭದ್ರಾ ಜಲಾಶಯ ನೀರು ಹಿಡಿಯುತ್ತಿದೆ. ಎಪ್ಪತ್ತು ವರ್ಷ 'ನಡೆಯುತ್ತಿದೆಯಲ್ಲ' ಎಂದುಕೊಂಡೇ ಇದ್ದೆವು. 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ನದಿಗೆ ಹರಿದುಹೋಗುವುದನ್ನು ನಾಲ್ಕು ಜಿಲ್ಲೆಗಳ ರೈತರು ನೋಡುತ್ತ ನಿಂತರು. ಹಿಂದಿನ ದಿನ ಸಂಜೆಯವರೆಗೂ ಆ ಚೈನು ನಡೆಯುತ್ತಲೇ ಇತ್ತು. ನಡೆಯುತ್ತಿರುವುದು ನಾಳೆಯೂ ನಡೆಯುತ್ತದೆ ಎಂಬುದಕ್ಕೆ ಅದೇ ಪುರಾವೆಯಾಗಲಾರದು.

ಆದರೆ ಆಗ ಯಾರೂ ಅಣೆಕಟ್ಟನ್ನೇ ಒಡೆದು ಹೊಸದು ಕಟ್ಟೋಣ ಎನ್ನಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನ ನಡುವೆಯೇ ಒಂದೊಂದೇ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ಆ ಕಿಂಡಿಯನ್ನು ಮುಚ್ಚಿದರು. ಅದೂ ಒಂದು ತೇಪೆಯೇ. ಆಮೇಲೆ ಎಲ್ಲ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಬದಲಾಗುವವರೆಗೆ ಎಚ್ಚರವಿರಲಿ ಎಂದು 2025ರ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸದೆ 80 ಟಿಎಂಸಿ ಸುತ್ತಮುತ್ತಲೇ ನಿಲ್ಲಿಸಿದರು. ಗೇಟಿನ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂದಾಗ ಅದರ ಬೆಲೆ ತೆತ್ತವರು ಕಾಲುವೆಯ ಕೊನೆಯ ಭಾಗದವರೂ ಸೇರಿದಂತೆ ರೈತರೇ. ದುರಸ್ತಿಯನ್ನು ಮುಂದೂಡಿದವರು ಬೇರೆ, ಮುಂದೂಡಿದ್ದರ ದಂಡ ಕಟ್ಟುವವರು ಬೇರೆ. ಕಂಪ್ಯೂಟರಿನ ವಿಚಾರದಲ್ಲೂ ಹೀಗೇ ಆಗುತ್ತದೆ.

ವಿಜಯನಗರ ಕಾಲದ ಕಾಲುವೆಗಳು ಇವತ್ತಿಗೂ ಈ ಭಾಗದ ಗದ್ದೆ, ಬಾಳೆ ತೋಟಗಳಿಗೆ ನೀರುಣಿಸುತ್ತಿವೆ. ರಾಯ ಕಾಲುವೆ, ಬಸವಣ್ಣ ಕಾಲುವೆಗಳಿಗೆ ಈಗ ನೀರು ಬರುವುದು ಹೊಸ ಜಲಾಶಯದಿಂದ. ಹರಿಯುವ ದಾರಿ ಮಾತ್ರ ಅರಸರ ಕಾಲದ್ದು. ಅವು ಉಳಿದದ್ದು ಯಾರೂ ಮುಟ್ಟದೆ ಬಿಟ್ಟದ್ದರಿಂದ ಅಲ್ಲ. ಪ್ರತಿ ತಲೆಮಾರಿನವರೂ ಹೂಳು ತೆಗೆದು, ಒಡೆದ ಕಡೆ ಕಟ್ಟಿ, ಬದಲಿಸಬೇಕಾದದ್ದನ್ನು ಬದಲಿಸಿದ್ದರಿಂದ.

ಹೀಗೆ ಯೋಚಿಸಿಕೊಂಡು ಮತ್ತೆ ಅಂಗಡಿಗೆ ಹೋದೆ. ಇಬ್ಬರೂ ಕೂತು ಒಂದು ಪಟ್ಟಿ ಮಾಡಿದೆವು. ಒಂದೇ ಪ್ರಶ್ನೆ ಎಂದುಕೊಂಡಿದ್ದರಲ್ಲಿ ಎರಡು ಇದ್ದವು. ಅವರ ನೆನಪಿನ ಕಡತಗಳಿಗೆ ಹಳೆಯ ಯಂತ್ರವೇ ಬೇಕು, ಇಂಟರ್‌ನೆಟ್ ಬೇಕಿಲ್ಲ. ಜನರ ಅರ್ಜಿಗಳಿಗೆ ಇಂಟರ್‌ನೆಟ್ ಬೇಕು, ಹಳೆಯ ಯಂತ್ರ ಸಲ್ಲದು. ಹಾಗಿದ್ದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಯಾಕಿಡಬೇಕು?

ದಾರಿಗಳು ಹಲವಿದ್ದವು. ಮನೆಬಳಕೆಯವರಿಗೆ ಕಂಪನಿ ಒಂದು ವರ್ಷದ ಹೆಚ್ಚುವರಿ ತೇಪೆಯ ಅವಕಾಶ ಕೊಟ್ಟಿತ್ತು. ಅದು ಉಸಿರು ತೆಗೆದುಕೊಳ್ಳಲು ಸಮಯ, ಪರಿಹಾರವಲ್ಲ. ಇನ್ನೊಂದು ದಾರಿ ಲಿನಕ್ಸ್. ಅದಕ್ಕೆ ಹಣವಿಲ್ಲ, ಹಳೆಯ ಯಂತ್ರದಲ್ಲೂ ನಡೆಯುತ್ತದೆ, ಯೂನಿಕೋಡ್ ಕನ್ನಡವೂ ಬರುತ್ತದೆ. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಇಂಥ ಮುಕ್ತ ತಂತ್ರಾಂಶದಲ್ಲೇ ಪಾಠ ಮಾಡುತ್ತಿವೆ. ಕಾಸರಗೋಡಿನ ಕನ್ನಡದ ಮಕ್ಕಳೂ ಅದರಲ್ಲೇ ಕಲಿತವರು. ಆದರೆ ಅದಕ್ಕೂ ದುಡಿಮೆ ಬೇಕು. ಕೆಲವು ಬೆರಳಚ್ಚು ಸಾಧನಗಳು, ಸ್ಕ್ಯಾನರುಗಳು ಒಗ್ಗದಿರಬಹುದು, ಹೊಸದಾಗಿ ಕಲಿಯಬೇಕು. ಪುಕ್ಕಟೆ ಎಂದರೆ ಶ್ರಮವಿಲ್ಲ ಎಂದಲ್ಲ.

ಕೊನೆಗೆ ಗೆಳೆಯರು ಅರ್ಜಿ ಕೆಲಸಕ್ಕೆ ವಿಂಡೋಸ್ 11 ನಡೆಯುವ ಒಂದು ಸೆಕೆಂಡ್ ಹ್ಯಾಂಡ್ ಯಂತ್ರ ತಂದರು. ಹಳೆಯದನ್ನು ಗುಜರಿಗೆ ಹಾಕಲಿಲ್ಲ. ಅದರ ಇಂಟರ್‌ನೆಟ್ ವೈರು ಕಿತ್ತು, ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿ, ಗೋಡೆಯ ಬದಿಗೆ ಇಟ್ಟರು. ಬಿಡುವಿನಲ್ಲಿ ಒಂದೊಂದೇ ಕಡತವನ್ನು ಯೂನಿಕೋಡ್‌ಗೆ ತಂದು ತಿದ್ದುತ್ತಾರೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿಗೆ ಇದ್ದ ಇನ್ನೊಂದು ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲಾಯಿತು. ಹಾಕಿದ್ದು ಅವಳೇ.

ಖರ್ಚು ತುಂಬಿಸಲು ಅರ್ಜಿಗೆ ಐದು ರೂಪಾಯಿ ಹೆಚ್ಚು ಮಾಡಬೇಕಾಯಿತು. ಅದು ಅವರಿಗೆ ಕಷ್ಟವಾಯಿತು. ಐದು ರೂಪಾಯಿ ಎಣಿಸಿಕೊಡುವವರ ಕೈಗಳನ್ನು ಅವರು ದಿನಾ ನೋಡುವವರು. ಅದಕ್ಕೆ ಬದಲಾಗಿ ಒಂದು ನಿಯಮ ಮಾಡಿಕೊಂಡರು: ಅರ್ಜಿ ಮುಗಿದ ಮೇಲೆ ಅವರವರ ಕಾಗದದ ಪ್ರತಿಯನ್ನು ಅವರೆದುರಿಗೇ ಯಂತ್ರದಿಂದ ಅಳಿಸಿ ತೋರಿಸುವುದು.

ನಾನು ಅಲ್ಲಿದ್ದಾಗಲೇ ಒಬ್ಬ ಮುದುಕಿ ಬಂದಿದ್ದಳು. ಪಿಂಚಣಿಯ ಅರ್ಜಿ ಮುಗಿಯಿತು. ಗೆಳೆಯರು ಪರದೆಯನ್ನು ಅವಳ ಕಡೆ ತಿರುಗಿಸಿ, 'ನೋಡಮ್ಮ, ನಿನ್ನ ಕಾಗದಗಳನ್ನು ಅಳಿಸಿಬಿಟ್ಟೆ' ಎಂದರು. ಅವಳು ಗಾಬರಿಯಾದಳು. 'ಅಯ್ಯೋ, ಯಾಕಪ್ಪ ಅಳಿಸಿದೆ? ಮತ್ತೆ ಆಫೀಸಿನವರು ಕೇಳಿದರೆ ನಾನೆಲ್ಲಿಗೆ ಹೋಗಲಿ? ನಿನ್ನ ಹತ್ತಿರ ಇರಲಿ ಅಂತಲೇ ಅಲ್ಲವೆ ಇಲ್ಲಿಗೆ ಬರುವುದು?' ಎಂದಳು.

ಗೆಳೆಯರು ನನ್ನ ಮುಖ ನೋಡಿದರು. ಇದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಅವಳ ಕ್ಷೇಮಕ್ಕೆಂದು ನಾವೇ ತೀರ್ಮಾನಿಸಿದ್ದೆವು, ಕಂಪನಿ ನಮಗಾಗಿ ತೀರ್ಮಾನಿಸಿದ ಹಾಗೆಯೇ. ಅವರು ಅವಳ ಕಾಗದಗಳನ್ನು ಮತ್ತೆ ಸ್ಕ್ಯಾನ್ ಮಾಡಿದರು. ಈಗ ಅವರ ಮೇಜಿನ ಮೇಲೆ ಒಂದು ನೋಟ್‌ಬುಕ್ಕಿದೆ. ಪ್ರತಿಯೊಬ್ಬರನ್ನೂ, 'ಇಡಲೋ, ಅಳಿಸಲೋ?' ಎಂದು ಕೇಳಿ ಬರೆದುಕೊಳ್ಳುತ್ತಾರೆ. ಇಡು ಎಂದವರೇ ಹೆಚ್ಚು. ಅಂಗಡಿಯ ಸರದಿ ಅದರಿಂದ ಸ್ವಲ್ಪ ನಿಧಾನವಾಗಿದೆ.